ಮೂರನೇ ಗೇರಿನ ಆಸೆ

ಕಾರವಾರದ ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದ ದೇವಿದಾಸ ಮಾಸ್ತರರು ಜನ್ಮದಲ್ಲಿ ಒಮ್ಮೆಯೂ ಜೋರಾಗಿ ಗಾಡಿ ಬಿಟ್ಟವರಲ್ಲ. ಸ್ಟೇರಿಂಗ್ ಹಿಡಿದು ನಡುಗುವವರ ಪಕ್ಕದಲ್ಲಿ ಕೂತೇ ಆಯುಷ್ಯ ಕಳೆದವರಿಗೆ ಎರಡನೇ ಗೇರಿನ ಆಚೆಗೊಂದು ಲೋಕವಿದೆ ಎಂಬುದೇ ಮರೆತುಹೋಗಿತ್ತು. ಅದನ್ನು ನೆನಪಿಸಿದವನು ಹಳೆಯ ಶಿಷ್ಯ ಅಮಿತ. ಗೋವೆಯಲ್ಲಿ ಹೋಟೆಲು ನಡೆಸಿ ಕೈತುಂಬ ಗಳಿಸಿದ್ದ ಅವನು ಒಂದು ಬೆಳಿಗ್ಗೆ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಮಾಸ್ತರರ ಬಾಗಿಲಲ್ಲಿ ನಿಲ್ಲಿಸಿ, ಕೀಲಿಯನ್ನು ಅವರ ಕೈಗಿಟ್ಟ.

“ಮಾಸ್ತರೇ, ಅಂಕೋಲೆ ತನಕ ಒಂದ್ಸಲ ಹೋಗ್ಬನ್ನಿ. ಇದ್ರ ಮಜಾ ಎಂತದು ಹೇಳಿ ನಿಮಗೂ ಗೊತ್ತಾಗ್ಲಿ. ಅಲ್ಲಿವರಿಗೆ ನಾ ಅಕ್ಕೋರ ಕೈ ಬಂಗಡೆ ಸಾರು ಉಣ್ತೆ.”

ಕಾರು ಕಾವಲಿಗೆ ಅಂಟಿದ ದೋಸೆಯ ಹಾಗೆ ನೆಲ ಕಚ್ಚಿತ್ತು. ಮಾಸ್ತರರು ಅದನ್ನು ಹತ್ತಲಿಲ್ಲ, ಅದರೊಳಕ್ಕೆ ಇಳಿದರು. ಇರುವುದೇ ಎರಡು ಸೀಟು. ಇನ್ನೊಂದರಲ್ಲಿ ಪಕ್ಕದ ಮನೆಯ ಪುಂಡಲೀಕಣ್ಣ ಆಗಲೇ ಕೂತಾಗಿತ್ತು. ನಿವೃತ್ತರಾದ ಮೇಲೆ ಊರವರ ಕೆಲಸವೆಲ್ಲ ತಮ್ಮದೇ ಎಂದುಕೊಂಡವರು ಅವರು.

“ನೀವೇ ಜೋರು ಬಿಟ್ರೆ ನಾಳಿಂದ ಕಲೂಕೆ ಯಾರ್ ಬತ್ರು?” ಎಂದು ಹೆಂಡತಿ ಹೀರಾ ಬಾಗಿಲಿಂದಲೇ ಎಚ್ಚರಿಸಿದಳು.

ಬಿಣಗಾ ಏರಿನಲ್ಲಿ ಅವರ ಮುಂದೊಂದು ಅದಿರಿನ ಲಾರಿ, ತುಂಬು ಬಸುರಿಯಂತೆ ಏದುಸಿರು ಬಿಡುತ್ತ ಹೋಗುತ್ತಿತ್ತು.

“ಹೊಡಿಯಾ ದೇವಿದಾಸಾ, ಸೈಡು ಹೊಡಿ!” ಎಂದರು ಪುಂಡಲೀಕಣ್ಣ. ಮಾಸ್ತರರು ಸ್ಟೇರಿಂಗ್ ತಿರುಗಿಸುವಷ್ಟರಲ್ಲಿ, “ಬ್ಯಾಡಾ! ಬಸ್ ಬಂತು! ಸಾಯ್ಸ್ತೆಯಾ?” ಎಂದು ಅದೇ ಉಸಿರಿನಲ್ಲಿ ಕಿರುಚಿದರು. ಮಾಸ್ತರರ ಬಲಗಾಲು ಯಾರ ಮಾತು ಕೇಳಬೇಕೆಂದು ತಿಳಿಯದೆ ಬ್ರೇಕಿಗೂ ಆಕ್ಸಿಲರೇಟರಿಗೂ ಅಲೆದಾಡಿತು. ಲಾರಿಯ ಕೆಂಪು ಧೂಳೆಲ್ಲ ಕಾರಿನ ಮೇಲೇ ಬಿತ್ತು. ಕಾರಿನ ಬಣ್ಣವೂ ಅದೇ ಆದ್ದರಿಂದ ಮಾನ ಉಳಿಯಿತು.

ಅರ್ಗಾದಲ್ಲಿ ನೌಕಾದಳದ ಲಾರಿಗಳ ಸಾಲು ಅಡ್ಡಬಂತು. ಚೆಂಡಿಯಾದಲ್ಲಿ ಅವರನ್ನು ಹಿಂದೆ ಹಾಕಿದ ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ಬಗ್ಗಿ, “ಗಾಡಿ ಕೆಟ್ಟದ್ಯಾ ಮಾಸ್ತರೇ?” ಎಂದು ಕನಿಕರದಿಂದ ಕೇಳಿದ. ಹೊಟ್ಟೆಯೊಳಗೆ ಹುಲಿ ಗುರುಗುಟ್ಟಿದಂಥ ಇಂಜಿನ್ನು, ಕಾಲಿನ ಕೆಳಗೆ ನಡುಕ.

“ಮಜಾ ಬಂತೇನಾ?” ಎಂದರು ಪುಂಡಲೀಕಣ್ಣ.

ಮಾಸ್ತರರಿಗೆ ನಿಜವಾಗಿಯೂ ತಿಳಿಯಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಇದು ಮಜವೋ ಹೆದರಿಕೆಯೋ ಎಂದು ಯಾರನ್ನು ಕೇಳುವುದು?

ಹಾರವಾಡದಲ್ಲಿ ರಸ್ತೆಯ ಹಂಪಿನ ಮೇಲೆ ಕಾರಿನ ಹೊಟ್ಟೆ ಕೂತೇಬಿಟ್ಟಿತು. ಮುಂದೂ ಇಲ್ಲ, ಹಿಂದೂ ಇಲ್ಲ. ಬಲೆ ರಿಪೇರಿ ಮಾಡುತ್ತಿದ್ದ ಮೀನುಗಾರರು ಎದ್ದು ಬಂದರು. ಅವರ ಪೈಕಿ ಹಿರಿಯನಾದ ಜಟ್ಟು ಕಾರಿನ ಸುತ್ತ ಒಂದು ಸುತ್ತು ಹಾಕಿ ತೀರ್ಪು ಕೊಟ್ಟ: “ಇದ್ನ ಎತ್ತೂದಲ್ಲ, ದೋಣಿ ಎಳ್ದಂಗೆ ಎಳೀಬೇಕು.”

“ಹೈಸಾ!” ಎಂದು ಎಲ್ಲರೂ ಕೈಹಾಕಿದರು. ಕಾರು ಹಂಪು ಇಳಿಯಿತು. ಜಟ್ಟು ಕೈಯ ಧೂಳು ಕೊಡವುತ್ತ, “ಮಾಸ್ತರೇ, ಇಷ್ಟು ದೊಡ್ಡ ಇಂಜಿನ್ನು ನಮ್ಮ ದೋಣಿಗಾದ್ರೂ ಕೊಡ್ಸಿ. ಸಮುದ್ರದಲ್ಲಿ ಹಂಪಿಲ್ಲ,” ಎಂದ.

ಅವರ್ಸಾ ದಾಟಿದ ಮೇಲೆ ಪವಾಡವಾಯಿತು. ಲಾರಿಯಿಲ್ಲ, ಬಸ್ಸಿಲ್ಲ, ಒಂದು ದನವೂ ಇಲ್ಲ. ರಸ್ತೆ ನೇರವಾಗಿ ಹಾಸಿಕೊಂಡು ಬಿದ್ದಿತ್ತು. ಪುಂಡಲೀಕಣ್ಣ ಬಾಯಿ ತೆರೆದು ನಿದ್ದೆಹೋಗಿದ್ದರು. ಮಾಸ್ತರರು ಉಸಿರೆಳೆದು, ಕ್ಲಚ್ ಒತ್ತಿ, ಮೂರನೇ ಗೇರಿಗೆ ಕೈಹಾಕಿದರು.

ಹಿಂದಿನಿಂದ ಹಾರ್ನು! ಕನ್ನಡಿಯಲ್ಲಿ ಕೆಂಪು ದೀಪದ ಜೀಪು. ಅದು ಭರ್ರೆಂದು ಮುಂದೆ ಬಂದು ಅಡ್ಡ ನಿಂತಿತು. ಇಳಿದವರು ಹೊಸ ಆರ್‌ಟಿಓ ಸಾಹೇಬರು. ಬಂದ ತಿಂಗಳಲ್ಲೇ ಒಂದು ಡ್ರೈವಿಂಗ್ ಶಾಲೆಯ ಬಾಗಿಲು ಹಾಕಿಸಿದವರು.

ಮುಂದಿನ ಸರದಿ ತಮ್ಮದೇ ಎಂದುಕೊಂಡರು ಮಾಸ್ತರರು. ಆದರೆ ಆ ಭಯದ ನಡುವೆಯೇ ಒಂದು ಕಳ್ಳ ಹೆಮ್ಮೆ ತಲೆಯೆತ್ತಿತು. ಸಾಹೇಬರೇ ಅಟ್ಟಿಸಿಕೊಂಡು ಬಂದಿದ್ದಾರೆ ಎಂದರೆ, ತಮಗೇ ತಿಳಿಯದೆ ತಾವು ಜೋರು ಬಿಟ್ಟಿರಬೇಕಲ್ಲವೆ?

“ತಪ್ಪಾಯ್ತು ಸಾಹೇಬ್ರೇ, ಸ್ಪೀಡು ಜಾಸ್ತಿ ಆಗೋಯ್ತು,” ಎಂದು ಕೈಮುಗಿದರು. ದನಿಯಲ್ಲಿ ಸಂತೋಷ ಅಡಗಲಿಲ್ಲ.

ಸಾಹೇಬರು ಆ ಎರಡೂ ಕೈ ಹಿಡಿದು ಕುಲುಕಿದರು. “ಏನು ವಿನಯ ರೀ ನಿಮ್ಮದು! ಬಿಣಗಾದಿಂದ ನಿಮ್ಮ ಹಿಂದೆಯೇ ಇದ್ದೇನೆ. ಇಂಥ ಗಾಡಿ ಸಿಕ್ಕರೆ ಜನ ಹಾರ್ತಾರೆ. ನೀವು ಒಂದು ಲಾರೀನೂ ಓವರ್‌ಟೇಕ್ ಮಾಡಲಿಲ್ಲ. ಹಂಪನ್ನಂತೂ ಹತ್ತು ಜನರನ್ನ ಕರೆಸಿ ದಾಟಿದ್ರಿ! ಮುಂದಿನ ವಾರ ರಸ್ತೆ ಸುರಕ್ಷತಾ ಸಪ್ತಾಹ. ಕಾರವಾರದಲ್ಲಿ ದಿನಾ ಮೆರವಣಿಗೆ. ಮುಂದೆ ಇದೇ ಕಾರು, ಒಳಗೆ ನೀವೇ.”

“ಗಾಡಿ ನಂದಲ್ಲ ಸಾಹೇಬ್ರೇ...”

ಆ ಹೊತ್ತಿಗೆ ಎಚ್ಚೆತ್ತಿದ್ದ ಪುಂಡಲೀಕಣ್ಣ ಮೊಬೈಲಿನಲ್ಲಿ ಅಮಿತನನ್ನು ಹಿಡಿದು ಒಪ್ಪಿಸಿಯೂ ಆಗಿತ್ತು. “ವಾರ ಪೂರ್ತಿ ಇಟ್ಕಣಿ ಹೇಳ್ತ! ನಾನೂ ಬತ್ತೆ ಸಾಹೇಬ್ರೇ, ಮಾಸ್ತರ್ರಿಗೆ ದಾರಿ ಹೇಳೂಕೆ.”

ಒಂದು ವಾರ! ಮಾಸ್ತರರಿಗೆ ಜೀವ ಬಂದಂತಾಯಿತು. ಗೇರಿನ ಮೇಲೆ ಕೈಯಿಟ್ಟು ಆಸೆಯಿಂದ ಕೇಳಿದರು: “ಮೆರವಣಿಗೆಲಿ ಸ್ಪೀಡು ಎಷ್ಟಿರ್ಲಿ ಸಾಹೇಬ್ರೇ?”

ಸಾಹೇಬರು ತುಸು ಯೋಚಿಸಿದರು.

“ಇವತ್ತಿನದು ಸ್ವಲ್ಪ ಜಾಸ್ತಿಯೇ ಆಯ್ತು. ಹಿಂದೆ ಒಂದನೇ ಕ್ಲಾಸಿನ ಮಕ್ಕಳು ನಡೆದು ಬರ್ತಾರೆ ನೋಡಿ.”