ಕಂಬದ ತಂತಿಗೆ ಪ್ಲಾಸ್ಟಿಕ್ ಪೈಪು

ಸಾವಂತ್ರವ್ವ: ಬಣ್ಣ ಹಚ್ಚಿದ್ರ ಪ್ಲಾಸ್ಟಿಕ್ ಹೋಗಿ ಕಬ್ಬಿಣ ಆಗ್ತದೇನ್ರಿ?

ಮಲಕಪ್ಪ: ಆಗೂದು ಬ್ಯಾಡ. ಹಂಗ ಕಂಡ್ರ ಸಾಕು.

೧೯೯೮ರ ಏಪ್ರಿಲ್ ಬಿಸಿಲು. ಪುಣೆ ಹತ್ತಿರದ ನಿಗಡಿಯಲ್ಲಿ, ಹೊಸ ಮನೆಯ ಮಾಳಿಗೆಯ ಮೇಲೆ ಮಲಕಪ್ಪ ಬೆಳ್ಳಿಬಣ್ಣದ ಡಬ್ಬಿ ಹಿಡಿದು ನಿಂತಿದ್ದ. ಬೀದಿಯ ಕಂಬದಿಂದ ಬರುವ ಕರೆಂಟಿನ ತಂತಿಯನ್ನು ಎತ್ತರದಲ್ಲಿ ಹಿಡಿದುಕೊಂಡು ಕೆಳಗೆ ಮೀಟರಿಗೆ ಇಳಿಸಬೇಕಾದ ಪೈಪು ಅವನ ಮುಂದಿತ್ತು. ಓಣಿಯವರೆಲ್ಲ ಅದಕ್ಕೆ ಕಬ್ಬಿಣದ್ದು ಹಾಕಿದ್ದರು. ಆದರೆ ಮಲಕಪ್ಪ ಭೋಸರಿಯ ಪ್ಲಾಸ್ಟಿಕ್ ಪೈಪಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದ ಗುಮಾಸ್ತ. ಸ್ವಂತ ಮನೆಯ ನೆತ್ತಿಯ ಮೇಲೆ ವೈರಿಯ ಧ್ವಜ ಏರಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಸಾವಂತ್ರವ್ವ: ನಿಮ್ಮ ಕಂಪನಿ ಚೀಟಿಯೊಳಗನ ಬರದದ. ಗ್ವಾಡಿ ಒಳಗ ಮಾತ್ರ ಹಾಕ್ರಿ, ಬಿಸಿಲಾಗ ನಿಲ್ಲಿಸಬ್ಯಾಡ್ರಿ, ತಂತಿ ಭಾರ ಹೊರಿಸಬ್ಯಾಡ್ರಿ ಅಂತ.

ಮಲಕಪ್ಪ: ಅದು ಭಾಳ ಸಣ್ಣ ಅಕ್ಷರದಾಗ ಅದ. ಯಾರೂ ಓದಂಗಿಲ್ಲ.

ಸಾವಂತ್ರವ್ವ: ಹಂಗಾರ ಬರದಾವ ಯಾಂವ?

ಮಲಕಪ್ಪ: ನಾನ.

ಇಷ್ಟು ಮೆತ್ತಗಿನ ದನಿಯಲ್ಲಿ ಅವನು ಮದುವೆಯ ದಿನವೂ ಮಾತಾಡಿರಲಿಲ್ಲ.

ಸಾವಂತ್ರವ್ವ: ಕೇಳ್ರಿ ಇಲ್ಲೆ. ಮೂರು ತಿಂಗಳಾತು, ಬಾಜೂಕಿನ ಗಂಗೂಬಾಯಿ ಕಿಟಕಿಯಿಂದ ಒಂದು ವಾಯರ್ ಎಳಕೊಂಡು ಸಂಸಾರ ಮಾಡ್ಲಿಕ್ಕತ್ತೀನಿ. ನಾ ಮಿಕ್ಸರ್ ಹಚ್ಚಿದ್ರ ಅಕಿ ಟೀವಿ ಕುಣೀತದ. ಅಕಿ ಸೀರಿಯಲ್ ನಡುವ ಜಾಹೀರಾತು ಬಂದಾಗ ನಾ ಓಡಿಹೋಗಿ ಚಟ್ನಿ ರುಬ್ಬಬೇಕು. ನಿನ್ನೆ ಜಾಹೀರಾತು ಲಗೂನ ಮುಗೀತು, ನೀವು ಇಡೀ ಶೇಂಗಾ ತಿಂದ್ರಿ.

ಮಲಕಪ್ಪ: ರುಚಿ ಇತ್ತು.

ಸಾವಂತ್ರವ್ವ: ಇವತ್ತು ಕರೆಂಟ್ ಬೋರ್ಡಿನಾಂವ ತಂತಿ ಜೋಡಿಸದ ಹೋದ್ರ ಮತ್ತ ಒಂದು ತಿಂಗಳು ಪಾಳಿ ಬರಂಗಿಲ್ಲ. ಆಗ ನೀವ ಹೋಗಿ ಗಂಗೂಬಾಯಿ ಮುಂದ ಸೀರಿಯಲ್ ನೋಡ್ಕೋತ ಕೂಡ್ರಿ. ಜಾಹೀರಾತು ಬಂದ ಕೂಡಲೆ ಒದರ್ರಿ.

ಅಷ್ಟರಲ್ಲಿ ಕೆಳಗಿನಿಂದ ಯಾರೋ, ಮನೆಯಲ್ಲಿ ಯಾರಿದ್ದೀರಿ ಎಂದು ಮರಾಠಿಯಲ್ಲಿ ಕೂಗಿದರು: "ಕೋಣ ಆಹೇ ಘರಾತ್?"

ಸಾವಂತ್ರವ್ವ: ಬಂದ್ರು ನೋಡ್ರಿ! ಆ ಡಬ್ಬಿ ಮುಚ್ಚಿಡ್ರಿ!

ಕೆಳಗಿನ ದನಿ: ಓ, ಕನ್ನಡದವರೇನ್ರಿ? ನಾ ಧರ್ಮಣ್ಣ. ಬೋರ್ಡಿನ ಲೈನ್‌ಮನ್. ನಮ್ಮದು ಚಿಕ್ಕೋಡಿ.

ಮಲಕಪ್ಪನ ಮುಖ ಅರಳಿತು. ಮರಾಠಿಯಲ್ಲಿ ಹೇಳಲೆಂದು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಸುಳ್ಳುಗಳನ್ನು ಅವನು ಅಲ್ಲಿಯೇ ಬಿಟ್ಟುಕೊಟ್ಟ.

ಮಲಕಪ್ಪ: ಚಿಕ್ಕೋಡಿ! ನಮ್ಮವ್ವನ ತವರಮನಿ ಹುಕ್ಕೇರಿ! ಮ್ಯಾಲ ಬರ್ರಿ. ಅಂದ್ರ ನೀವು ನನಗ ತಮ್ಮ ಆಗಬೇಕು.

ಧರ್ಮಣ್ಣ: ಹ್ಯಾಂಗ್ರಿ?

ಮಲಕಪ್ಪ: ಹ್ಯಾಂಗಾರ. (ಹೆಂಡತಿಯ ಕಿವಿಯಲ್ಲಿ) ನಮ್ಮವ ಅದಾನ. ಕೆಲಸ ಆತು ಅಂತ ತಿಳಕೋ.

ಧರ್ಮಣ್ಣ ಮೇಲೆ ಬಂದ. ಪೈಪಿನ ಮೇಲೆ ಅಂಗೈ ಇಟ್ಟ. ಬಹಳ ಹೊತ್ತು ಇಟ್ಟ.

ಧರ್ಮಣ್ಣ: ಪೈಪು ಗಟ್ಟಿ ಅದ ಅಲ್ರಿ, ಅಣ್ಣಾರ?

ಮಲಕಪ್ಪ: ನಮ್ಮ ಮನಿತನ ಇದ್ದಂಗ ಅದ.

ಆ ಮನೆತನದಲ್ಲಿ ಎಲ್ಲರಿಗೂ ಸೊಂಟನೋವು ಎಂಬುದನ್ನು ಸಾವಂತ್ರವ್ವ ಬಾಯಿಬಿಟ್ಟು ಹೇಳಲಿಲ್ಲ, ಕಣ್ಣಲ್ಲೇ ಹೇಳಿದಳು.

ಧರ್ಮಣ್ಣ: ಆತು. ನೀವು ಅಂದ್ಮ್ಯಾಲ ಆತು. ಬ್ಯಾರೇದವರಾಗಿದ್ರ ಜಗ್ಗಿ ನೋಡ್ತಿದ್ದೆ.

ಅವನು ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಬಿಡಿಸಿ ಅದನ್ನು ಪೈಪಿಗೆ ಒಂದು ಸುತ್ತು ಸುತ್ತಿದ. ಎರಡನೆಯ ಸುತ್ತು ಸುತ್ತಿದ. ಇನ್ನು ಆ ಹಗ್ಗದ ಮೇಲೆ ಭಾರ ಬಿಟ್ಟು ಗೋಡೆಯಾಚೆ ಬಾಗಿ ತಂತಿ ಎಳೆದುಕೊಳ್ಳಬೇಕು. ಕೆಳಗೆ ಹದಿನೈದು ಅಡಿ ಆಳದಲ್ಲಿ ಬೀದಿ, ಅಲ್ಲಿ ಅವನ ಸೈಕಲ್ಲು, ಹ್ಯಾಂಡಲಿಗೆ ನೇತುಹಾಕಿದ ಊಟದ ಡಬ್ಬಿ. ಮಲಕಪ್ಪನ ಕಣ್ಣು ಆ ಡಬ್ಬಿಯ ಮೇಲೆ ಬಿತ್ತು. ಯಾವಳೋ ಒಬ್ಬ ತಾಯಿ ಬೆಳಿಗ್ಗೆ ಎದ್ದು ಬಡಿದ ರೊಟ್ಟಿ ಅದರಲ್ಲಿ ಮಡಿಚಿಕೊಂಡು ಕೂತಿತ್ತು.

ಮಲಕಪ್ಪ: ಬ್ಯಾಡ! ಧರ್ಮಣ್ಣಾ, ಹಗ್ಗ ಬಿಚ್ಚು! ಅದು ಪ್ಲಾಸ್ಟಿಕ್!



ಧರ್ಮಣ್ಣ: ಗೊತ್ತದ್ರಿ.

ಮಲಕಪ್ಪ: ಆಂ?

ಧರ್ಮಣ್ಣ: ಈ ಬಿಸಿಲಾಗ ಕಬ್ಬಿಣ ಮುಟ್ಟಿದ್ರ ಅಂಗೈ ಸುಡತದ. ಇದು ಆರಾಮ ಅದ. ಮತ್ತ ನನ್ನ ಕೈ ನೋಡ್ರಿ, ಹಸಿ ಬೆಳ್ಳಿಬಣ್ಣ ಹತ್ತೇದ. ಹಗ್ಗ ಬರೇ ಸುತ್ತೀನಿ, ಗಂಟು ಹಾಕಿಲ್ಲ. ತಮ್ಮ ಅಂದ್ರೆಲ್ಲ, ಎಷ್ಟರ ತಮ್ಮ ಅಂತ ನೋಡಬೇಕಾಗಿತ್ತು.

ಸಾವಂತ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ನಗುವಿನ ನೀರೋ ಮತ್ತೊಂದೋ ಎಂದು ಕೇಳುವ ಧೈರ್ಯ ಮಲಕಪ್ಪನಿಗಿರಲಿಲ್ಲ.

ಮಲಕಪ್ಪ: ನಮ್ಮ ಫ್ಯಾಕ್ಟರಿ ಮಾಲು ಅಂತ ನಿಲ್ಲಿಸಿದ್ದೆ. ಈಗ ತಪ್ಪು ಬರಕೊಂಡು ಹೋಗ್ತೀಯೇನು? ಮತ್ತ ಒಂದು ತಿಂಗಳೇನು?

ಧರ್ಮಣ್ಣ: ಮುಂದಿನ ಓಣಿಯೊಳಗ ಇನ್ನೊಂದು ಮನಿ ಅದ. ನಾಲ್ಕಕ್ಕ ಮುಗೀತದ. ಅಷ್ಟರಾಗ ಕಬ್ಬಿಣದ್ದು ತಂದು ನಿಲ್ಲಿಸ್ರಿ, ಇವತ್ತ ಜೋಡಸ್ತೀನಿ. ಮಾರಿ ಸಣ್ಣದು ಮಾಡ್ಕೋಬ್ಯಾಡ್ರಿ ಅಣ್ಣಾರ. ನಿಮ್ಮ ಮಾಲು ಛಲೋನ ಅದ, ನಮ್ಮ ಮನಿ ಗ್ವಾಡಿಯೊಳಗೂ ಅದನ್ನ ಹಾಕೀನಿ. ಒಳಗ ಇರೂದನ್ನ ಹೊರಗ ನಿಲ್ಲಿಸಿದ್ರ ಅದಾದ್ರೂ ಏನು ಮಾಡ್ತದ?

ಸಾವಂತ್ರವ್ವ: ಕೇಳಿದ್ರೇನ್ರಿ? ನಿಮಗೂ ಅನ್ವಯಿಸ್ತದ.

ಧರ್ಮಣ್ಣ ಹಗ್ಗ ಸುತ್ತಿಕೊಂಡು ಮೆಟ್ಟಿಲ ಕಡೆ ನಡೆದವನು ಏನೋ ಹೊಳೆದು ತಿರುಗಿ ನಿಂತ.

ಧರ್ಮಣ್ಣ: ಒಂದ ಮಾತು, ಸಿಟ್ಟಾಗಬಾರದು. ನಿಮ್ಮ ಫ್ಯಾಕ್ಟರಿ ಆಫೀಸಿಗೆ ಕಂಬದಿಂದ ಕರೆಂಟ್ ಯಾವ ಪೈಪಿನಾಗ ಇಳೀತದ್ರಿ?

ಮಲಕಪ್ಪ: ಕಬ್ಬಿಣದ್ದರಾಗ. ಹೋದ ವರ್ಷ ಮಾಲಕರು ಬದಲ್ ಮಾಡ್ಸಿದ್ರು.

ಧರ್ಮಣ್ಣ: ಯಾಕ್ರಿ?

ಮಲಕಪ್ಪ: ಮೊದಲಿಂದು ನಮ್ಮ ಮಾಲಿತ್ತು.