ಹಕಾರದ ಹಗರಣ

ಹಿತೇಶ, ಆದ್ಯಾ,

ನಿಮ್ಮಿಬ್ಬರ ಹೆಸರನ್ನು ಮೊದಲ ಸಾಲಿನಲ್ಲೇ ತಪ್ಪಿಲ್ಲದೆ ಬರೆದಿದ್ದೇನೆ. ಇದನ್ನು ಸಣ್ಣ ಸಾಧನೆ ಎಂದು ತಿಳಿಯಬೇಡಿ. ನಿಮಗೆ ಹೆಸರಿಟ್ಟ ದಿನ ತೊಟ್ಟಿಲ ಹತ್ತಿರ ನಿಂತು ನಾನು ಹೆದರಿದ್ದು ಯಾರಿಗೂ ಗೊತ್ತಿಲ್ಲ. ಮೊಮ್ಮಗನಿಗೆ ಹ ಇದೆ, ಮೊಮ್ಮಗಳಿಗೆ ಇಲ್ಲ. ಯಾರಿಗೆ ಇದೆ, ಯಾರಿಗೆ ಇಲ್ಲ ಎಂದು ನೆನಪಿಟ್ಟುಕೊಳ್ಳುವುದು ಹೇಗೆ?

ಆವತ್ತು ಫೋನಿನಲ್ಲಿ ನೀವು, "ಅಜ್ಜಿ, ಪಾರ್ಕಿನ ಬೋರ್ಡಿನ ಕಥೆ ಹೇಳಿ, ಅಮ್ಮ ಬರೀ ನಗ್ತಾಳೆ, ಹೇಳಲ್ಲ" ಎಂದಿರಿ. ನಾನು ಹಾಲು ಉಕ್ಕುತ್ತಿದೆ ಎಂದು ಫೋನ್ ಇಟ್ಟುಬಿಟ್ಟೆ. ಹಾಲೂ ಇರಲಿಲ್ಲ, ಒಲೆಯೂ ಹಚ್ಚಿರಲಿಲ್ಲ. ನನಗೆ ಬಾಯಲ್ಲಿ ಹೇಳಲು ನಾಚಿಕೆ. ಬರೆಯುವುದಕ್ಕೂ ನಾಚಿಕೆಯೇ, ಆದರೆ ಕಾಗದ ಎದುರಿಗೆ ಕೂತು ನಗುವುದಿಲ್ಲ.

ಮೊದಲು ಒಂದು ವಿಷಯ ತಿಳಿದಿರಲಿ. ನಾನು ಹುಟ್ಟಿದ್ದು ತಿ. ನರಸೀಪುರದ ಕಡೆಯ ಹಳ್ಳಿಯಲ್ಲಿ. ನಮ್ಮೂರಿನಲ್ಲಿ ಭತ್ತ ಇತ್ತು, ಕಬ್ಬು ಇತ್ತು, ನೀರು ಇತ್ತು. ಹ ಮಾತ್ರ ಇರಲಿಲ್ಲ. ಹಸು ನಮಗೆ ಅಸು, ಹೂವು ಊವು, ಹಬ್ಬ ಅಬ್ಬ. ಏಳನೆಯ ತರಗತಿಯವರೆಗೆ ಓದಿಸಿದ ಮೇಷ್ಟ್ರು, "ನಿಮ್ಮೂರಿನ ಹ ಎಲ್ಲ ಹೊಳೆಯಲ್ಲಿ ತೇಲಿಹೋಗಿದೆ" ಎನ್ನುತ್ತಿದ್ದರು. "ಒಳೇಲಾ ಸಾ?" ಎಂದು ಕೇಳಿ ಏಟು ತಿಂದವಳು ನಾನು.

ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಈ ಕಷ್ಟವನ್ನು ನಿಮ್ಮ ತಾತ ಪರಿಹರಿಸಿದರು. ಅವರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ಎಂಥ ಕೆಟ್ಟ ಅಕ್ಷರದ ವಿಳಾಸವನ್ನೂ ಊರು ಸೇರಿಸುತ್ತಿದ್ದರು. ಸಾಮಾನಿನ ಚೀಟಿ ಬರೆಯುವಾಗ ನನಗೆ ಸಂಶಯ ಬಂದರೆ, ನನ್ನ ಅಂಗೈಯನ್ನು ತಮ್ಮ ಬಾಯಿಯ ಮುಂದೆ ಹಿಡಿದು ಆ ಪದ ಹೇಳುತ್ತಿದ್ದರು. ಬಿಸಿ ಉಸಿರು ತಗುಲಿದರೆ ಹ ಉಂಟು. ತಗುಲದಿದ್ದರೆ ಇಲ್ಲ. ಹುರಳಿ, ಬಿಸಿ. ಉಪ್ಪು, ತಣ್ಣಗೆ. ಅವರ ಬಾಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿದ್ದುದರಿಂದ, ಹ ಎಂದರೆ ನನಗೆ ಇವತ್ತಿಗೂ ಲವಂಗದ ವಾಸನೆ. ನಲವತ್ತೈದು ವರ್ಷ ಹೀಗೇ ನಡೆಯಿತು. ಇಷ್ಟು ಅನುಕೂಲವಾದ ವ್ಯವಸ್ಥೆ ಮನೆಯಲ್ಲೇ ಇದ್ದಾಗ ಯಾರಾದರೂ ಕಾಗುಣಿತ ಕಲಿಯುತ್ತಾರೆಯೇ?

ಇನ್ನು ಬೋರ್ಡಿನ ವಿಷಯ. ಕುವೆಂಪುನಗರದ ನಮ್ಮ ಪಾರ್ಕಿನ ಗೇಟಿನಲ್ಲಿ ಒಂದು ಕರಿಹಲಗೆ ಇತ್ತು. ಮೇಲೆ 'ಈ ವಾರದ ಕಾರ್ಯಕ್ರಮಗಳು' ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ಎಲ್ಲಿ ವೀಣೆ, ಎಲ್ಲಿ ನಾಟಕ, ಎಲ್ಲಿ ಚಿತ್ರ ಪ್ರದರ್ಶನ, ಯಾವತ್ತು ಕಣ್ಣಿನ ತಪಾಸಣೆ, ಎಲ್ಲವೂ ಅದರಲ್ಲಿ. ನಿವೃತ್ತರಾದ ಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ತಾತ ಅದನ್ನು ಬರೆಯುತ್ತಿದ್ದರು. ಬರೆಯುವುದು ಅರ್ಧ ಗಂಟೆ, ಸುತ್ತ ನಿಂತವರ ಜೊತೆ ಮಾತು ಎರಡು ಗಂಟೆ. ಅವರು ಹೋದ ಮೇಲೆ ಹಲಗೆ ಹಾಗೇ ಉಳಿಯಿತು. ಅವರು ಬರೆದ ಕೊನೆಯ ವಾರ ಮಳೆಗಾಲದವರೆಗೂ ಅದರ ಮೇಲಿತ್ತು. ನಾನು ದಿನಾ ಹೋಗಿ ಓದಿ ಬರುತ್ತಿದ್ದೆ. ಎಂದೋ ಮುಗಿದುಹೋದ ಒಂದು ಕೊಳಲು ಕಛೇರಿಯ ಬಗ್ಗೆ ನನ್ನಷ್ಟು ಸಲ ಓದಿದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ.

ಆಮೇಲೆ ಮನೆಯಲ್ಲಿ ಸದ್ದು ಎಂದರೆ ಕುಕ್ಕರಿನ ಸೀಟಿ, ಟೀವಿಯ ವಾರ್ತೆ, ಮತ್ತು ನಾಲ್ಕು ಗಂಟೆಗೆ ಎದುರು ಮನೆಯ ಪ್ರಮೀಳಾ. ಪ್ರಮೀಳಾ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಪಾಠ ಶುರುವಾಗುವ ಮೊದಲು ನಮ್ಮ ಗೇಟಿನಲ್ಲಿ ನಿಂತು, ಕಾಫಿ ಆಯಿತೇ ಎಂದು ಕೇಳುತ್ತಾರೆ. ಆಯಿತು ಎಂದರೂ ಒಳಗೆ ಬಂದು ಅರ್ಧ ಲೋಟ ಕುಡಿದು ಹೋಗುತ್ತಾರೆ. ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ನಾನು ಮೂರು ಗಂಟೆಗೇ ತಲೆ ಬಾಚಿಕೊಂಡು ಕೂರುತ್ತಿದ್ದೆ.

ಹೀಗಿರುವಾಗ ಬಡಾವಣೆಯ ಸಂಘದ ಕಾರ್ಯದರ್ಶಿ ಪುಟ್ಟಸ್ವಾಮಿಯವರು ಬಂದು, ಬೋರ್ಡು ಬರೆಯಲು ಯಾರೂ ಸಿಗುತ್ತಿಲ್ಲ ಎಂದು ಪೇಚಾಡಿದರು. ನನ್ನ ಬಾಯಿ ನನ್ನನ್ನು ಕೇಳದೆ "ನಾನು ಬರೀತೀನಿ" ಎಂದುಬಿಟ್ಟಿತು. ಅಕ್ಷರ ದುಂಡಗಿದೆ. ಏಳನೆಯ ತರಗತಿ ಪಾಸು. ಇನ್ನೇನು ಬೇಕು? ಬರೆಯುವ ಆಸೆಗಿಂತ ಸುತ್ತ ನಿಲ್ಲುವವರ ಆಸೆಗೆ ಒಪ್ಪಿಕೊಂಡೆ ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಪುಟ್ಟಸ್ವಾಮಿಯವರು ಬಸ್ ಕಂಡಕ್ಟರ್ ಆಗಿದ್ದವರು, ನಮ್ಮ ಕಡೆಯವರೇ. ಅಂದರೆ ಹ ಇಲ್ಲದವರು. ಪ್ರತಿ ಭಾನುವಾರ ಸಂಜೆ ಫೋನ್ ಮಾಡಿ ಆ ವಾರದ ಕಾರ್ಯಕ್ರಮಗಳನ್ನು ಹೇಳುತ್ತಿದ್ದರು. ಹ ಇಲ್ಲದವರು ಹೇಳಿ ಹ ಇಲ್ಲದವಳು ಬರೆದರೆ ಏನಾಗಬೇಕೋ ಅದೇ ಆಯಿತು.

ಮೊದಲ ವಾರವೇ, "ಅಕ್ಕಿ ಚಿತ್ರ ಪ್ರದರ್ಶನ ಕಣಮ್ಮ, ಸಮುದಾಯ ಭವನ್ದಲ್ಲಿ, ಉಚಿತ" ಎಂದರು. ನನಗೆ ಸಂಶಯ ಬಂತು. ಅಭ್ಯಾಸಬಲದಿಂದ ಫೋನಿನ ಮುಂದೆ ಅಂಗೈ ಹಿಡಿದು, ಇನ್ನೊಂದು ಸಲ ಹೇಳಿ ಎಂದೆ. ಹೇಳಿದರು. ಅಂಗೈ ತಣ್ಣಗಿತ್ತು. 'ಅಕ್ಕಿ ಪ್ರದರ್ಶನ, ಉಚಿತ' ಎಂದು ಬರೆದೆ. ಜಾಗ ಸಾಲದೆ 'ಚಿತ್ರ' ಬಿಟ್ಟೆ.

ಜನ ಚೀಲ ಹಿಡಿದು ಬಂದರು. ಹಕ್ಕಿಗಳ ಫೋಟೊ ತೆಗೆದಿದ್ದ ಹಲ್ಲಿನ ಡಾಕ್ಟರಿಗೆ ಕಣ್ಣಲ್ಲಿ ನೀರು. ತಮ್ಮ ಕಲೆಗೆ ಮೈಸೂರಿನಲ್ಲಿ ಇಷ್ಟು ಬೆಲೆ ಇದೆಯೆಂದು ಅವರಿಗೆ ತಿಳಿದೇ ಇರಲಿಲ್ಲ. ನಾನು ಮೂಲೆಯಲ್ಲಿ ನಿಂತಿದ್ದೆ. ಒಬ್ಬಾಕೆ ಎರಡು ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, ಗೋಡೆಯ ಮೇಲಿನ ಎಲ್ಲ ಫೋಟೊ ನೋಡಿ ಮುಗಿಸಿ, ಡಾಕ್ಟರ ಹತ್ತಿರ ಬಂದಳು.

"ಅಕ್ಕಿ ಎಲ್ಲಿಂದು ಸಾ?"

"ರಂಗನತಿಟ್ಟಿಂದು ಅಮ್ಮ."

"ಸಣ್ಣದಾ, ದಪ್ಪದಾ?"

"ಎರಡೂ ಇದೆ. ದೊಡ್ಡದಾದ್ರೆ ಐದು ಕೆಜಿ ತೂಗುತ್ತೆ."

"ಐದೇ ಕೆಜಿನಾ? ಮನೇಲಿ ಆರು ಜನ ಇದೀವಿ."

ಪುಟ್ಟಸ್ವಾಮಿಯವರು ಕೋಪಿಸಿಕೊಳ್ಳಲಿಲ್ಲ. "ಜನ ಬಂದ್ರಲ್ಲ, ಬುಡಿ" ಎಂದರು.

ಇದರಿಂದ ನಾನು ಕಲಿತ ಪಾಠವೇನೆಂದರೆ, ಸಂಶಯ ಬಂದ ಕಡೆಯಲ್ಲೆಲ್ಲ ಒಂದು ಹ ಹಾಕಿಬಿಡುವುದೇ ಕ್ಷೇಮ. ಮುಂದಿನ ವಾರ ವೀಣೆ ಕಛೇರಿ. ಕೆಳಗೆ 'ಹಿರಿಯರಿಗೆ ಆಸನ ವ್ಯವಸ್ಥೆ ಇದೆ' ಎಂದು ಬರೆಯಬೇಕಿತ್ತು. 'ಹಿರಿಯರಿಗೆ ಹಾಸನ ವ್ಯವಸ್ಥೆ ಇದೆ' ಎಂದು ಬರೆದೆ. ಮಂಕಿ ಟೋಪಿ, ಶಾಲು, ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ ಸಮೇತ ಮೂವರು ಹಿರಿಯರು ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಒಂದೊಂದು ಕೀರ್ತನೆ ಮುಗಿದಾಗಲೂ ಎದ್ದು ಬಾಗಿಲಾಚೆ ನೋಡಿ ಬರುತ್ತಿದ್ದರು. ಮಂಗಳ ನುಡಿಸಿದ ಮೇಲೆ ಅವರಲ್ಲೊಬ್ಬರು ವೀಣೆಯವರನ್ನೇ, ಬಸ್ಸು ಬೇಲೂರಿಗೂ ಹೋಗುತ್ತದೆಯೇ ಎಂದು ವಿಚಾರಿಸಿದರು.

ಇಷ್ಟಾದರೂ ನನಗೆ ಸುಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಸೋಮವಾರ ಬೆಳಿಗ್ಗೆ ಬೋರ್ಡಿನ ಮುಂದೆ ನಾಲ್ಕು ಜನ ಸೇರುತ್ತಿದ್ದರು. ಈ ವಾರ ಏನು ತಪ್ಪು ಮಾಡುತ್ತೀರಿ ಎಂದು ಕೇಳುವುದಕ್ಕಾದರೂ ನಿಲ್ಲುತ್ತಿದ್ದರು. ವಾರದಲ್ಲಿ ಒಂದು ದಿನ ಗಂಟಲು ನೋಯುವಷ್ಟು ಮಾತು ಸಿಗುತ್ತಿತ್ತು.

ಮೂರನೆಯ ತಪ್ಪು ಮಾತ್ರ ಹಾಗಲ್ಲ.

ಒಂದು ದಿನ ನಾಲ್ಕು ಗಂಟೆಗೆ ಪ್ರಮೀಳಾ ಗೇಟಿನಲ್ಲಿ ನಿಲ್ಲದೆ ನೇರ ಒಳಗೆ ಬಂದರು. ಇಪ್ಪತ್ತು ವರ್ಷದ ಮೇಲೆ ವೇದಿಕೆಯಲ್ಲಿ ಒಬ್ಬರೇ ಹಾಡಲಿದ್ದರು. ಬರುವ ವಾರದ ಶನಿವಾರ, ನಮ್ಮ ಸಮುದಾಯ ಭವನದಲ್ಲೇ. ಯಾರೂ ಬರದಿದ್ದರೆ ಎಂದು ಭಯ. "ಬೋರ್ಡಲ್ಲಿ ಚೆನ್ನಾಗಿ ಬರೀರಿ ಕಣ್ರೀ" ಎಂದು ನನ್ನ ಕೈ ಹಿಡಿದುಕೊಂಡರು.

ಚೆನ್ನಾಗಿಯೇ ಬರೆದೆ. ಹೊಳಪು ಬರಲೆಂದು ಬಣ್ಣದ ಸೀಮೆಸುಣ್ಣವನ್ನು ಸಕ್ಕರೆ ನೀರಿನಲ್ಲಿ ನೆನೆಸಿದೆ. ಸುತ್ತ ಹೂಬಳ್ಳಿ ಬಿಡಿಸಿದೆ. ಪುಟ್ಟಸ್ವಾಮಿಯವರು ಫೋನಿನಲ್ಲಿ ದೊಡ್ಡದಾಗಿ ಬರೆಯಿರಿ ಎಂದು ಒತ್ತಿ ಹೇಳಿದ್ದ ಪದವನ್ನು ಎಲ್ಲಕ್ಕಿಂತ ದೊಡ್ಡದಾಗಿ, ಎರಡೆರಡು ಸಲ ತೀಡಿ ಬರೆದೆ.

'ನಮ್ಮ ಬಡಾವಣೆಯ ಎಮ್ಮೆ ಶ್ರೀಮತಿ ಪ್ರಮೀಳಾ ಅವರಿಂದ ಗಾಯನ. ಎಲ್ಲರೂ ಬಂದು ಕೇಳಿ.'

ಅಜ್ಜಿಗೆ ಎಮ್ಮೆ ಎಂದರೆ ಏನೆಂದು ಗೊತ್ತಿಲ್ಲವೇ ಎಂದು ನೀವು ಕೇಳಬಹುದು. ಎಮ್ಮೆಯ ಹಾಲು ಕರೆದು ಬೆಳೆದವಳು ನಾನು! ಅದೇ ತೊಂದರೆಯಾಯಿತು. ನಮ್ಮೂರಿನ ಬಾಯಲ್ಲಿ ಎಮ್ಮೆಗೂ ಹೆಮ್ಮೆಗೂ ಒಂದೇ ಪದ. ಯಾರ ಕೊಟ್ಟಿಗೆಯಲ್ಲಿ ಎಮ್ಮೆ ಇತ್ತೋ ಅವರು ಊರಲ್ಲಿ ತಲೆಯೆತ್ತಿ ನಡೆಯುತ್ತಿದ್ದರು. ಆದ್ದರಿಂದ ಆ ಮಾತು ಎಮ್ಮೆಯಿಂದಲೇ ಹುಟ್ಟಿರಬೇಕೆಂದು ಅರವತ್ತೆಂಟು ವರ್ಷ ನಂಬಿದ್ದೆ. ಸಂಶಯ ಬಂದ ಪದಗಳನ್ನಷ್ಟೇ ತಾತನನ್ನು ಕೇಳುತ್ತಿದ್ದೆ. ಇದರಲ್ಲಿ ನನಗೆ ಸಂಶಯವೇ ಬಂದಿರಲಿಲ್ಲ.

ವಾಕಿಂಗ್ ಬಂದವರು ಫೋಟೊ ತೆಗೆದರು. ಬಳ್ಳಿ ಚೆನ್ನಾಗಿ ಬಂದಿದೆಯೆಂದು ತೆಗೆಯುತ್ತಿದ್ದಾರೆ ಎಂದುಕೊಂಡು ಪಕ್ಕಕ್ಕೆ ಸರಿದೆ. ಒಬ್ಬರು, ನೀವೂ ನಿಲ್ಲಿ ಅಮ್ಮ ಎಂದರು. ಸೆರಗು ಸರಿಮಾಡಿಕೊಂಡು ನಿಂತೆ. ಮಧ್ಯಾಹ್ನದ ಹೊತ್ತಿಗೆ ಎಮ್ಮೆಯೂ ನಾನೂ ಬನ್ನಿಮಂಟಪದವರೆಗೆ ಎಲ್ಲರ ಫೋನಿನಲ್ಲಿದ್ದೆವು. ಬೆಳಗಾವಿಯಲ್ಲಿ ನಿಮ್ಮ ಅಮ್ಮನಿಗೂ ಸಿಕ್ಕಿತು. ಅವಳು ಫೋನ್ ಮಾಡಿ ಐದು ನಿಮಿಷ ಬರೀ ನಕ್ಕಳು. ಆಮೇಲೆ ವಿಷಯ ಹೇಳಿದಳು.

ನಾಲ್ಕು ಗಂಟೆಯಾಯಿತು. ಗೇಟಿನಲ್ಲಿ ಯಾರೂ ಇಲ್ಲ. ನಾಲ್ಕೂವರೆಗೆ ಎದುರು ಮನೆಯಲ್ಲಿ ಮಕ್ಕಳ ಸರಿಗಮ ಶುರುವಾಯಿತು. ಕಾಫಿಯ ಮೇಲೆ ಕೆನೆ ಕಟ್ಟಿತು.

ಪಾರ್ಕಿಗೆ ಓಡಿದೆ. ಒದ್ದೆ ಬಟ್ಟೆಯಿಂದ ಉಜ್ಜಿದೆ. ಗಾಯನ ಹೋಯಿತು, ಶ್ರೀಮತಿ ಹೋಯಿತು, ಬಳ್ಳಿ ಹೋಯಿತು. ಎಮ್ಮೆ ಹೋಗಲಿಲ್ಲ. ಸಕ್ಕರೆ ನೀರಿನ ಮಹಿಮೆ! ತೆಂಗಿನ ನಾರಿನಿಂದ ತಿಕ್ಕಿದೆ. ಎಮ್ಮೆ ಇನ್ನಷ್ಟು ಮಿಂಚಿತು. ಕೊನೆಗೆ ಬುದ್ಧಿ ಉಪಯೋಗಿಸಿದೆ. ಅಳಿಸುವುದೇಕೆ, ತಿದ್ದಿದರಾಯಿತು ಎಂದು ಎಮ್ಮೆಯ ಮುಂದೆ ಒಂದು ದೊಡ್ಡ ಹ ಸೇರಿಸಿ, ಉಳಿದದ್ದನ್ನೆಲ್ಲ ಮತ್ತೆ ಬರೆದು, ದೂರ ನಿಂತು ಓದಿದೆ. 'ನಮ್ಮ ಬಡಾವಣೆಯ ಹ ಎಮ್ಮೆ ಶ್ರೀಮತಿ ಪ್ರಮೀಳಾ.' ಯಾರೋ ಎಮ್ಮೆಯನ್ನು ದೂರದಿಂದ ಕಂಡು ಗುರುತು ಹಿಡಿದಂತಿತ್ತು.

ಹಿಂದೆ ಪುಟ್ಟಸ್ವಾಮಿಯವರು ನಿಂತಿದ್ದರು. "ಇನ್ ಮುಟ್ಬೇಡಿ ಕಣಮ್ಮ, ಬುಟ್ಬುಡಿ" ಎಂದರು. ಒಂದು ಗೋಣಿಚೀಲ ತಂದು ಬೋರ್ಡಿಗೆ ಹೊದಿಸಿದರು. ಚಳಿಗಾಲದಲ್ಲಿ ಎಮ್ಮೆಗೆ ಹೊದಿಸುತ್ತಾರಲ್ಲ, ಹಾಗೆ.

ಶುಕ್ರವಾರದವರೆಗೂ ಪ್ರಮೀಳಾ ಬರಲಿಲ್ಲ. ನಾನೇ ಹೋಗಿ ಕ್ಷಮೆ ಕೇಳಬಹುದಿತ್ತು. ರಸ್ತೆ ದಾಟಿದರೆ ಅವರ ಗೇಟು. ನಾಲ್ಕು ಸಲ ಚಪ್ಪಲಿ ಮೆಟ್ಟಿದೆ, ನಾಲ್ಕು ಸಲ ಬಿಚ್ಚಿದೆ. ನನ್ನ ನಾಚಿಕೆ ತಪ್ಪು ಮಾಡುವಾಗ ಎಲ್ಲಿಗೋ ಹೋಗಿರುತ್ತದೆ, ತಪ್ಪಾಯಿತು ಎನ್ನುವ ಹೊತ್ತಿಗೆ ಸರಿಯಾಗಿ ಬಂದು ಬಾಗಿಲಲ್ಲಿ ಕೂರುತ್ತದೆ.

ಶನಿವಾರ ಸಂಜೆ ಭವನ ತುಂಬಿಹೋಗಿತ್ತು. ಕಿಟಕಿಗಳಲ್ಲೂ ಜನ. ಲಷ್ಕರ್ ಮೊಹಲ್ಲಾದಿಂದ ಬಂದಿದ್ದ ತಬಲಾದವರು ಈ ಗುಂಪು ನೋಡಿ, ಇವತ್ತು ಇಲ್ಲಿ ಇನ್ನೇನಾದರೂ ಇದೆಯೇ ಎಂದು ವಿಚಾರಿಸಿದರು. ನಾನು ಚಪ್ಪಲಿ ಬಿಡುವ ಜಾಗದಲ್ಲಿ ಕಂಬದ ಹಿಂದೆ ನಿಂತೆ. ಪ್ರಮೀಳಾ ಹಸಿರು ರೇಷ್ಮೆ ಸೀರೆ ಉಟ್ಟು ಬಂದು ಕುಳಿತು ಹಾಡಿದರು. ಮೊದಲ ಹಾಡಿಗೆ ನಗಲು ಬಂದಿದ್ದವರು ಎರಡನೆಯ ಹಾಡಿಗೆ ಸುಮ್ಮನಾದರು. ಮೂರನೆಯದಕ್ಕೆ ನನ್ನ ಮುಂದಿದ್ದ ಗಂಡಸು ಕಣ್ಣು ಒರೆಸಿಕೊಂಡ. ಏನು ಹಾಡಿದರೆಂದು ನನ್ನನ್ನು ಕೇಳಬೇಡಿ. ಅವರ ಮುಖದಲ್ಲಿ ಇನ್ನೂ ಕೋಪ ಇದೆಯೇ ಎಂದು ನೋಡುವುದರಲ್ಲೇ ನನಗೆ ಪೂರ್ತಿ ಕಛೇರಿ ಮುಗಿಯಿತು. ಕಾಣಿಸಲಿಲ್ಲ. ಕಂಬ ಅಡ್ಡ ಇತ್ತು.

ಚಪ್ಪಾಳೆ ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ. ಬಂದು ನೋಡಿದರೆ ಎರಡೂ ಎಡಗಾಲಿನವು.

ಭಾನುವಾರ ನಾಲ್ಕು ಗಂಟೆ. ಸುಮ್ಮನೆ, ಅಭ್ಯಾಸಕ್ಕೆ, ತಲೆ ಬಾಚಿಕೊಂಡು ಕೂತಿದ್ದೆ. ಗೇಟು ಸದ್ದಾಯಿತು.

"ಏನ್ರೀ, ನಿಮ್ಮ ಎಮ್ಮೆ ಬಂದಿದೆ. ಕಾಫಿ ಇದ್ಯಾ?"

ಪ್ರಮೀಳಾ ಒಳಗೆ ಬಂದು ತಮ್ಮ ಮಾಮೂಲಿ ಕುರ್ಚಿಯಲ್ಲಿ ಕುಳಿತು ಅರ್ಧ ಲೋಟ ಕುಡಿದರು. ಮೊದಲ ದಿನ ಅತ್ತರಂತೆ. ಎರಡನೆಯ ದಿನ ನನ್ನ ಮೇಲೆ ಬಹಳ ಕೋಪ ಬಂತಂತೆ. ಇಪ್ಪತ್ತು ವರ್ಷದ ಹಿಂದಿನ ಕಛೇರಿಗೆ ಅಚ್ಚುಕಟ್ಟಾಗಿ ಕಾರ್ಡು ಅಚ್ಚು ಹಾಕಿಸಿದ್ದರಂತೆ. ಒಂದೂ ತಪ್ಪಿರಲಿಲ್ಲವಂತೆ. ಹನ್ನೊಂದು ಜನ ಬಂದಿದ್ದರಂತೆ. "ನೀವೂ ಸರಿಯಾಗಿ ಬರ್ದಿದ್ರೆ ನಿನ್ನೇನೂ ಹನ್ನೊಂದೇ" ಎಂದರು.

ನಾನು ತಾತನ ಪದ್ಧತಿಯನ್ನು ಅವರಿಗೆ ವಿವರಿಸಿ, ಅಂಗೈ ಚಾಚಿ, ಆ ಪದವನ್ನು ಒಂದು ಸಲ ಸರಿಯಾಗಿ ಹೇಳಿ ಎಂದು ಕೇಳಿದೆ. ಅವರು ನಗಲಿಲ್ಲ. ಬಗ್ಗಿ ನನ್ನ ಅಂಗೈಗೆ "ಹೆಮ್ಮೆ" ಎಂದರು. ಬಿಸಿ ತಗುಲಿತು. ಬಹಳ ದಿನವಾಗಿತ್ತು. ಲವಂಗದ ವಾಸನೆ ಬರಲಿಲ್ಲ, ಕಾಫಿಯದು ಬಂತು. ನಾನು ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದೆ.

ಬೋರ್ಡು ಮಾತ್ರ ಕೈತಪ್ಪಿತು. ನಿಮಗೆ ಯಾಕೆ ತೊಂದರೆ ಎಂದು ಪುಟ್ಟಸ್ವಾಮಿಯವರು ಬಹಳ ಮರ್ಯಾದೆಯಿಂದ ಹೇಳಿದರು. ಈಗ ಗೇಟಿಗೆ ದೀಪದ ಬೋರ್ಡು ಬಂದಿದೆ. ಕೆಂಪು ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತವೆ. ಒಂದೂ ತಪ್ಪಿಲ್ಲ. ಅದರ ಮುಂದೆ ಯಾರೂ ನಿಲ್ಲುವುದಿಲ್ಲ. ಸೋಮವಾರ ಬೆಳಿಗ್ಗೆ ನಾನು ಈಗಲೂ ಹೋಗುತ್ತೇನೆ. ನಾನು ಒಂದು ಕಾರ್ಯಕ್ರಮ ಓದಿ ಮುಗಿಸುವಷ್ಟರಲ್ಲಿ ಅದು ಮೂರು ದಾಟಿಹೋಗಿರುತ್ತದೆ.

ಅಲ್ಲಿಂದ ಬಂದ ಮೇಲೆ ಉಳಿಯುವ ಬೆಳಗಿನಲ್ಲಿ ಇದನ್ನು ಬರೆದೆ. ಪ್ರಮೀಳಾ ಕೊಟ್ಟ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಹ ಹುಡುಕಿ ಹುಡುಕಿ ಹಾಕಿದ್ದೇನೆ. ಐದು ಸೋಮವಾರ ಹಿಡಿಯಿತು. ಮುಗಿಸಿದ ಧೈರ್ಯದಲ್ಲಿ ಲಕೋಟೆಯ ಮೇಲೆ ಏನನ್ನೂ ನೋಡದೆ ನಿಮ್ಮ ಹೆಸರು ಬರೆದೆ. 'ಇತೇಶ ಮತ್ತು ಹಾದ್ಯಾ.' ಬೇರೆ ಲಕೋಟೆ ತರಬೇಕಾಯಿತು.

ತಪ್ಪು ಕಂಡರೆ ಪೆನ್ಸಿಲಿನಲ್ಲೂ ತಿದ್ದಬೇಡಿ. ರಜೆಗೆ ಬರುವಾಗ ತನ್ನಿ. ಇಬ್ಬರೂ ಒಂದೊಂದು ಲವಂಗ ಬಾಯಿಗೆ ಹಾಕಿಕೊಂಡು ಎದುರಿಗೆ ಕೂತು ಒಂದೊಂದು ಪದ ಹೇಳಿ, ನಾನು ಅಂಗೈ ಹಿಡಿಯುತ್ತೇನೆ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಸಕ್ಕರೆ ನೀರಿನಲ್ಲಿ ಬರೆದಿಲ್ಲ, ಅಳಿಸಿಹೋದೀತು.