ಕೋಟೆ ನೋಡಲು ಹೊರಟ ನಮ್ಮ ಸಂಸಾರ

ಹೊಂಗೆ ಚಿಗುರಿದರೆ ಸಾಕು, ನಮ್ಮ ಮನೆಯಲ್ಲಿ ಇತಿಹಾಸದ ಮೇಲಿನ ಪ್ರೀತಿಯೂ ಚಿಗುರುತ್ತದೆ. ಚಿಗುರುವುದು ನನ್ನ ಹೆಂಡತಿಗೆ, ಬಾಡುವುದು ನಾನು. ಯಾವುದೋ ದೇಶದವರು ವಸಂತದಲ್ಲಿ ಮಕ್ಕಳ ಕೈಹಿಡಿದು ಹಳೇ ಕಲ್ಲಿನ ಊರುಗಳಲ್ಲಿ ಅಡ್ಡಾಡುವ ವಿಡಿಯೋ ಅವಳ ಫೋನಿಗೆ ಬರುತ್ತದೆ. ಅವರಿಗೆ ಹೂವು, ತಂಗಾಳಿ. ನಮ್ಮ ಕಡೆ ವಸಂತವೆಂದರೆ ಬಂಡೆಯ ಮೇಲೆ ಶೇಂಗಾ ಹುರಿಯಬಹುದಾದ ಬಿಸಿಲು. ಹಾಗೆಂದರೆ ನನಗೆ ಅಭಿರುಚಿಯೇ ಇಲ್ಲ ಎಂದಾಗುತ್ತದೆ. ಆದ್ದರಿಂದ ಪ್ರತಿವರ್ಷ ಹೊರಡುತ್ತೇವೆ, ಪ್ರತಿವರ್ಷ ಏನಾದರೊಂದು ಆಗುತ್ತದೆ.

ವೈರಿಗಳು

ನಮ್ಮೂರು ಕಣೇಕಲ್ಲಿನಿಂದ ಬಸ್ಸು ಹಿಡಿದು ರಾಯದುರ್ಗದ ಕೋಟೆಗೆ ಹೋದೆವು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಮಗಳು ಬಂಡೆಯ ನೆರಳಲ್ಲಿ ಕೂತುಬಿಟ್ಟಳು. ರಾಜರು ಇಷ್ಟು ಮೇಲೆ ಯಾಕೆ ಕಟ್ಟಿದರು ಎಂದು ಕೇಳಿದಳು. ಹತ್ತುವಾಗಲೇ ವೈರಿಗಳು ಸುಸ್ತಾಗಿ ವಾಪಸು ಹೋಗಲಿ ಅಂತ, ಎಂದೆ.

"ಮತ್ತ ನಾವ್ಯಾಕ ಹತ್ತಾಕತ್ತೀವಿ?"

ನಾನು ಹೆಂಡತಿಯ ಮುಖ ನೋಡಿದೆ. ಅವಳು ಏದುಸಿರು ಬಿಡುತ್ತಲೇ ಮೇಲಕ್ಕೆ ಬೆರಳು ತೋರಿಸಿದಳು.

ಶಾಸನ

ಹೇಗೋ ಮೇಲೆ ಮುಟ್ಟಿದೆವು. ಹಿಂದಿನ ರಾಜರು ತಮ್ಮ ಹೆಸರು ಉಳಿಯಲೆಂದು ಕಲ್ಲಿನ ಮೇಲೆ ಬರೆಸುತ್ತಿದ್ದರು ಎಂದು ಹೆಂಡತಿ ಮಕ್ಕಳಿಗೆ ಪಾಠ ಶುರುಮಾಡಿದಳು. ಮಗ ಆಗಷ್ಟೇ ಓದಲು ಕಲಿತವನು, ಗೋಡೆಗಳ ಹತ್ತಿರ ಓಡಿದ. ಒಂದು ಕಡೆ ನಿಂತು ಅಕ್ಷರ ಅಕ್ಷರ ಕೂಡಿಸಿ ಓದಿ, ನಮ್ಮನ್ನು ಕರೆದ.

"ಅಪ್ಪಾ, ಈ ರಾಜ ಇಂಟರ್ ಸೆಕೆಂಡ್ ಇಯರ್ ಅಂತ. ರಾಣಿ ಹೆಸರು ಹೊಡೆದು ಹಾಕಿ, ಕೆಳಗ ಇನ್ನೊಂದು ಬರದಾನ."

ಯಾವನೋ ಕಾಲೇಜು ಹುಡುಗನ ಕೆಂಪು ಪೇಂಟು, ಪಕ್ಕದಲ್ಲಿ ಬಾಣ ಚುಚ್ಚಿದ ಹೃದಯ. ಸೋಲೊಪ್ಪುವುದು ಹೆಂಡತಿಯ ಜಾಯಮಾನವಲ್ಲ. ಆ ಕಡೆ ತಿರುಗಿಯೂ ನೋಡದೆ, ಆ ಕಾಲದಲ್ಲಿ ರಾಜರಿಗೆ ಇಬ್ಬರು ರಾಣಿಯರು ಇರುತ್ತಿದ್ದರು ಎಂದು ವಿವರಿಸಿದಳು.

ತಪ್ಪಿಸಿಕೊಂಡವರು

ಮರುವರ್ಷ ಮಡಕಶಿರಾ. ಹೆಂಡತಿಯ ತವರು ಅಲ್ಲೇ ಹತ್ತಿರದ ಅಗಳಿ, ಹಾಗಾಗಿ ಆ ಕೋಟೆ ಅವಳ ಸ್ವಂತದ್ದು. ಮೇಲಿನ ಒಂದೊಂದು ಕಲ್ಲಿನ ಮುಂದೆಯೂ ನಮ್ಮನ್ನು ನಿಲ್ಲಿಸಿ ಫೋಟೋ ತೆಗೆದಳು. ಮುಗಿಸಿ ತಿರುಗಿದರೆ ಮಗ ಇಲ್ಲ.

ತಮಾಷೆಯೆಲ್ಲ ಅಲ್ಲಿಗೆ ನಿಂತಿತು. ಸುತ್ತ ಬಂಡೆ, ಸಂದು, ಪಾಳು ಗೋಡೆ. ಕೂಗಿದರೆ ನಮ್ಮ ದನಿಯೇ ವಾಪಸು ಬರುತ್ತಿತ್ತು. ಮಗಳು ಅಳಲು ಶುರುಮಾಡಿದಳು. ಮೇಲೆಲ್ಲ ಹುಡುಕಿ, ಕೆಳಗೇನಾದರೂ ಇಳಿದನೋ ಎಂದು ಬಿದ್ದೆವೋ ಎದ್ದೆವೋ ಅಂತ ಇಳಿದೆವು. ಇಳಿಯುವಷ್ಟು ಹೊತ್ತೂ ಹೆಂಡತಿ ನನಗೆ ಬೈಯುತ್ತಲೇ ಇದ್ದಳು, ಮಗನ ಕೈ ನಾನೇ ಬಿಟ್ಟೆನೆಂದು. ನಾನು ಹೂಂ ಹೂಂ ಎನ್ನುತ್ತಾ ಹಿಂದೆ ಬರುತ್ತಿದ್ದೆ.

ಬುಡದಲ್ಲಿ ಒಂದು ಬಜ್ಜಿ ಗಾಡಿ. ಅದರ ಪಕ್ಕದ ಸ್ಟೂಲಿನ ಮೇಲೆ ನಮ್ಮ ಸುಪುತ್ರ, ಕೈಯಲ್ಲಿ ಮೆಣಸಿನಕಾಯಿ ಬಜ್ಜಿ. ಹೆಂಡತಿ ಓಡಿಹೋಗಿ ಅವನನ್ನು ತಬ್ಬಿಕೊಂಡಳು. ಗಾಡಿಯ ಅಜ್ಜಿ ಜಾಲರಿ ಸೌಟು ಹಿಡಿದುಕೊಂಡೇ ನಮ್ಮನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಅಪ್ಪ ಅಮ್ಮ ತಪ್ಪಿಸ್ಕೊಂಡವ್ರೆ ಅಂತ ಕೂತಿದ್ದ ಪಾಪ. ನೋಡೋಕೆ ಹೆಂಗವ್ರಪ್ಪ ಅಂತ ಕೇಳ್ದೆ. ಅಮ್ಮ ಬೈತಾ ಇರ್ತಾಳೆ, ಅಪ್ಪ ಹೂಂ ಹೂಂ ಅಂತ ಹಿಂದೆ ಬರ್ತಾ ಇರ್ತಾನೆ ಅಂದ. ನೀವು ಆ ತಿರುವ್ನಾಗೆ ಇಳೀತಿದ್ದಂಗೇ ಗೊತ್ತಾಯ್ತು ಬಿಡವ್ವ, ಇವ್ರೇ ಅಂತ."